ಒರಗದ ಪ್ರಯಾಣಿಕ

1974ರಲ್ಲಿ ನಾನು ಮುಂಬಯಿ–ಬೆಂಗಳೂರು ಜೆಟ್ ವಿಮಾನದಲ್ಲಿ ಸ್ಟೀವರ್ಡ್ ಆಗಿದ್ದೆ. ಸ್ಟೀವರ್ಡ್ ಎಂದರೆ ಪ್ರಯಾಣಿಕರ ಅನುಕೂಲ ನೋಡಿಕೊಳ್ಳುವವನು. ಇದನ್ನು ನನ್ನೂರು ಹೊನ್ನಾಳಿಯಲ್ಲಿ ವಿವರಿಸಿದರೆ, "ಅಂದ್ರೆ ಕಂಡಕ್ಟರ್ ಕೆಲ್ಸಾನಾ?" ಎನ್ನುತ್ತಿದ್ದರು. ಜೆಟ್ ಬಂದ ಹೊಸತು, ಕಂಪನಿಗೆ ಪ್ರಯಾಣಿಕರ ಸುಖದ್ದೇ ಜಪ. ಕಿವಿ ಕಟ್ಟದಿರಲು ಪೆಪ್ಪರ್‌ಮಿಂಟು, ಮುಖ ಒರೆಸಲು ಸುಗಂಧದ ಒದ್ದೆ ಟವಲ್ಲು, ಗುಂಡಿ ಒತ್ತಿದರೆ ಹಿಂದಕ್ಕೆ ಬಾಗುವ ಸೀಟು. ಪ್ರಯಾಣಿಕರ ಹತ್ತಿರ ದುಃಖದ ಮಾತು ಆಡಬಾರದೆಂದೂ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಆ ದಿನ ಸರಕಿನ ಜೊತೆ ಒಂದು ಶವಪೆಟ್ಟಿಗೆ ಇತ್ತು. ಮುಂಬಯಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಹುಡುಗ, ಕೆಲಸದ ಮೇಲೆಯೇ ಸತ್ತಿದ್ದ. ಅವನ ತಂದೆ ರುದ್ರಪ್ಪ ಮೇಲೆ ಕಿಟಕಿಯ ಪಕ್ಕ ಕೂತಿದ್ದರು. ಬೆನ್ನು ಸೀಟಿಗೆ ತಾಗಿರಲಿಲ್ಲ. ದಣಿದಿದ್ದಾರೆಂದು ನಾನೇ ಗುಂಡಿ ಒತ್ತಿ ಸೀಟನ್ನು ಬಾಗಿಸಿದೆ. ಅವರು ಬೆಚ್ಚಿಬಿದ್ದು ಮುಂದಿನ ಸೀಟನ್ನು ಹಿಡಿದುಕೊಂಡರು.

"ಬ್ಯಾಡ ತಮ್ಮಾ, ಮಲಗಿಸ್ಬ್ಯಾಡ," ಎಂದು ಕನ್ನಡದಲ್ಲೇ ಅಂದರು.

ಯಾವ ಊರೆಂದು ಕೇಳಿದೆ. ಸಾಸ್ವೆಹಳ್ಳಿ. ನಾನು ಹೊನ್ನಾಳಿಯವನು ಎಂದ ಕೂಡಲೇ ನನ್ನ ಕೈ ಹಿಡಿದುಕೊಂಡರು. ಮುಂಬಯಿಯ ಆಸ್ಪತ್ರೆಯಿಂದ ಇಲ್ಲಿಯತನಕ ಅವರು ಕನ್ನಡದಲ್ಲಿ ಕೇಳುತ್ತಲೇ ಬಂದಿದ್ದ ಪ್ರಶ್ನೆ ಯಾರಿಗೂ ಅರ್ಥವಾಗಿರಲಿಲ್ಲ.

"ಕೆಳಗೆ ಅವ್ನನ್ನ ಮಲಗ್ಸ್ಯಾರೋ, ಕುಂದ್ರಿಸ್ಯಾರೋ?"

ನಮ್ಮ ಕಡೆ ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ. ಮೈ ಬಿಗಿಯುವ ಮೊದಲೇ ಗೋಡೆಗೆ ಆನಿಸಿ ಕೂರಿಸುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ.

"ಮಲಗ್ಸ್ಯಾರೆ, ಯಜಮಾನ್ರೆ."

"ಊರಿಗೆ ಹೋದ್ಮ್ಯಾಲೆ ಕುಂದ್ರಿಸಾಕೆ ಬರ್ತೈತಲ್ಲ?"

ಎಲ್ಲ ಸರಿಹೋಗುತ್ತದೆ ಎಂದು ನಕ್ಕು ಮುಂದೆ ಹೋಗುವುದು ನನಗೆ ಕಲಿಸಿದ್ದ ರೀತಿ. ಹಾಗೆ ಹೋಗಿದ್ದರೆ ಅವರು ಮನೆಯಂಗಳದಲ್ಲಿ, ಹೆತ್ತವಳ ಎದುರಿಗೆ ಪೆಟ್ಟಿಗೆ ಒಡೆಸುತ್ತಿದ್ದರು. ಪಕ್ಕದ ಖಾಲಿ ಸೀಟಿನಲ್ಲಿ ಕೂತೆ. ನಾವು ಪ್ರಯಾಣಿಕರ ಸೀಟಿನಲ್ಲಿ ಕೂರುವಂತಿರಲಿಲ್ಲ, ಕೂತೆ. ಕೆಡದಿರಲೆಂದು ಮದ್ದು ಚುಚ್ಚಿದ್ದಾರೆ, ಇನ್ನು ಮೊಣಕಾಲು ಮಡಿಚುವುದಿಲ್ಲ, ಪೆಟ್ಟಿಗೆಯ ಒಳಗಿನ ತಗಡಿಗೆ ಬೆಸುಗೆ ಹಾಕಿದ್ದಾರೆ ಎಂದು ಬಿಡಿಸಿ ಹೇಳಿದೆ.

"ಅವ್ರಮ್ಮನ ಮುಂದೆ ತೆಗೀಬ್ಯಾಡ್ರಿ."

ಅವರು ಅಳಲಿಲ್ಲ. "ಪೆಟ್ಟಿಗೆ ಎಷ್ಟುದ್ದ ಐತೆ?" ಎಂದು ಕೇಳಿದರು. ಕೈ ಚಾಚಿ ತೋರಿಸಿದೆ. ಯಾಕೆ ಕೇಳಿದರೆಂದು ಆಗ ಹೊಳೆಯಲಿಲ್ಲ. ಬೆಂಗಳೂರಿನವರೆಗೂ ನೆಟ್ಟಗೆ ಕೂತೇ ಬಂದರು. ಕೊಟ್ಟ ಪೆಪ್ಪರ್‌ಮಿಂಟು ಅಂಗೈಯಲ್ಲೇ ಕರಗಿ ಅಂಟಿಕೊಂಡಿತ್ತು. ಅದನ್ನು ನಾನೇ ಒದ್ದೆ ಟವಲ್ಲಿನಿಂದ ಒರೆಸಿದೆ.

ಮುಂದಿನ ರಜೆಯಲ್ಲಿ ಸಾಸ್ವೆಹಳ್ಳಿಗೆ ಹೋದೆ. ರುದ್ರಪ್ಪ ನನ್ನನ್ನು ಹೊಲದ ಮೂಲೆಗೆ ಕರೆದೊಯ್ದರು. ಮಲಗಿಸಿದ ಪೆಟ್ಟಿಗೆಯ ಉದ್ದಕ್ಕೆ ಅಲ್ಲಿ ಮಣ್ಣೇ ಎದ್ದಿರಲಿಲ್ಲ. ಎರಡು ತೋಳಿನಲ್ಲಿ ತಬ್ಬಬಹುದಾದಷ್ಟು ಸಣ್ಣ ದಿಬ್ಬ.

"ಕುಂದ್ರಿಸಾಕೆ ಆಗ್ಲಿಲ್ಲ. ಮಲಗ್ಸಾಕೆ ಮನಸ್ಸು ಬರ್ಲಿಲ್ಲ," ಅಂದರು. "ಬಾವಿ ತೋಡಿದಂಗೆ ತೋಡಿ, ಪೆಟ್ಟಿಗೆ ಸಮೇತ ನಿಲ್ಲಿಸೀವಿ."

ಮನೆಗೆ ಬಂದೆವು. ರುದ್ರಪ್ಪನವರ ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿಯೇ ನಿಂತರು. ಊರಲ್ಲಿ ಯಾರನ್ನೂ ಕೇಳಲಾಗದೆ ಒಳಗೇ ಇಟ್ಟುಕೊಂಡಿದ್ದ ಮಾತೆಂದು ಕಾಣುತ್ತದೆ, ತಗ್ಗಿದ ದನಿಯಲ್ಲಿ ಕೇಳಿದರು.

"ವಿಮಾನದಾಗೆ ಎಲ್ಲಾರ್ನೂ ಚೆನ್ನಾಗಿ ನೋಡ್ಕಂತೀರಂತೆ. ನೀನೇ ಹೇಳಪ್ಪಾ, ಅವ್ನಿಗೆ ಕಾಲು ನೋಯಲ್ವಾ?"

ಹದಿನಾರು ವರ್ಷ ಆ ಕೆಲಸ ಮಾಡಿದೆ. ಕೇಳದೆ ಯಾರ ಸೀಟನ್ನೂ ಮತ್ತೆ ಬಾಗಿಸಲಿಲ್ಲ. ಒಬ್ಬರ ಸುಖ ಎಲ್ಲಿದೆ ಎಂದು ಇನ್ನೊಬ್ಬರು ತೀರ್ಮಾನಿಸಲಾಗದು ಎಂಬುದಷ್ಟೇ ಆ ಕೆಲಸ ನನಗೆ ಕಲಿಸಿದ್ದು. ಅಂದು ಆ ತಾಯಿ ಹಾಗೆ ಕೇಳಿದಾಗ ಕೂತಲ್ಲಿಂದ ಎದ್ದು ನಿಂತೆ. ಚಹಾ ಮುಗಿಯುವ ತನಕ ಅವರ ಮುಂದೆ ಕೂರಲಾಗಲಿಲ್ಲ.