ಇಪ್ಪತ್ತು ಹಲ್ಲಿನ ಚಕ್ರ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದೆ, ತಗಡಿನ ಮಾಡಿನ ಕೆಳಗೆ, ಹೈದರನ ರಿಪೇರಿ ಅಂಗಡಿ ಇತ್ತು. ಸರಪಳಿ ಓಡುವ ಹಲ್ಲಿನ ಚಕ್ರಗಳನ್ನು ಅವನು ಹಲ್ಲಿನ ಎಣಿಕೆಯ ಕ್ರಮದಲ್ಲೇ ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ. ಪ್ರತಿಯೊಂದರ ಕೆಳಗೂ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ. ಯುದ್ಧದ ಕಾಲದಲ್ಲಿ ಮೂರು ವರ್ಷ ಅಸ್ಸಾಮಿನ ಕಡೆ ಸೈನ್ಯದ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್‌ಗಳನ್ನು ಬಿಚ್ಚಿ ಜೋಡಿಸಿದ್ದವನು, ನಲವತ್ತಾರರಲ್ಲಿ ಊರಿಗೆ ಮರಳಿದ್ದ. ಆಗ ಅವನಿಗೆ ಇಪ್ಪತ್ತೇಳು ವರ್ಷ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸೈಕಲ್ಲಿನ ಸರಪಳಿ ಸರಿಮಾಡಿಸಲು ಹೋದಾಗ ಆ ಸಂಖ್ಯೆಗಳ ಬಗ್ಗೆ ಕೇಳಿದೆ.

"ಅದರಲ್ಲಿ ಗುಟ್ಟೇನಿಲ್ಲ ಮೇಷ್ಟ್ರೇ," ಎಂದ. "ಮೋಟಾರ್ ಸೈಕಲ್ಲಿಗೆ ಮುಂದೆ ಹದಿನಾರು ಹಲ್ಲು, ಹಿಂದೆ ನಲವತ್ತೆಂಟು ಅಂತಿಟ್ಕೊಳ್ಳಿ. ಮುಂದಿನದು ಮೂರು ಸುತ್ತು ಹೊಡೆದ್ರೆ ಹಿಂದಿನದು ಒಂದು. ಮುಂದಿನದನ್ನ ಇಪ್ಪತ್ತು ಹಲ್ಲಿಗೆ ಬದಲಾಯ್ಸಿ, ಅದೇ ಎಂಜಿನ್ನು, ಅದೇ ಸದ್ದು, ಗಾಡಿ ಮಾತ್ರ ಕಾಲು ಪಾಲು ಜೋರು. ಆದ್ರೆ ಪುಗಸಟ್ಟೆ ಯಾವ್ದೂ ಬರಲ್ಲ. ಎಳೆಯೋ ಶಕ್ತೀಲಿ ಐದರಲ್ಲೊಂದು ಪಾಲು ಕೈ ಬಿಡುತ್ತೆ. ಸಮದಲ್ಲಿ ಗೊತ್ತಾಗಲ್ಲ. ಏರಿನಲ್ಲಿ ಗೊತ್ತಾಗುತ್ತೆ."

ಕೊನೆಯ ಮಾತನ್ನು ಅವನು ನನಗಾಗಿ ಹೇಳಿದಂತಿರಲಿಲ್ಲ. ಅವನ ಕಣ್ಣು ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಬೋಲ್ಟುಗಳಿಗೆ ಎಣ್ಣೆ ಹಚ್ಚುತ್ತಿದ್ದ ತಂದೆಯ ಮೇಲಿತ್ತು. ನೂರ್ ಅಹಮದ್ ಸಾಹೇಬರ ಬಲಗಾಲಿಗೆ ಪಾದವಿರಲಿಲ್ಲ.

ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹೊಗೆಯ ಬಸ್ಸಿಗೆ ಏರು ಕಂಡರೆ ಆಗದು. ಆದ್ದರಿಂದ ಕ್ಲೀನರನು ಮರದ ತುಂಡು ಹಿಡಿದು ಬಸ್ಸಿನ ಹಿಂದೆ ಓಡುತ್ತಿದ್ದ. ಬಸ್ಸು ನಿಂತ ಕೂಡಲೇ ತುಂಡನ್ನು ಹಿಂದಿನ ಗಾಲಿಗೆ ಒತ್ತು ಕೊಡಬೇಕು. ಊರಿನ ಬಸ್ ಮಾಲೀಕ ಪಿಳ್ಳಪ್ಪನವರ ಬಸ್ಸಿನಲ್ಲಿ ಆ ಕೆಲಸ ನೂರ್ ಅಹಮದರದು. ನಲವತ್ತಮೂರರಲ್ಲಿ ಒಂದು ದಿನ, ಘಾಟಿ ದೇವಸ್ಥಾನಕ್ಕೆ ಎರಡು ಮೈಲಿ ಇರುವಾಗ ಬರುವ ಏರಿನಲ್ಲಿ, ಬಸ್ಸು ತುಂಡನ್ನೂ ದಾಟಿ ಅವರ ಪಾದದ ಮೇಲೆ ಬಂತು. ವಿಚಾರಣೆಗೆ ಬಂದವರ ಮುಂದೆ ಪಿಳ್ಳಪ್ಪ ಒಂದೇ ಮಾತು ಹೇಳಿದರು: "ಸಾಬ್ರು ಕುಡಿದಿದ್ರು."

ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ ಅವರು. ಆದರೂ ಆ ಮಾತು ನಿಂತಿತು. ಚಹಾದಂಗಡಿಯಲ್ಲಿ ಯಾರೋ, "ನಮಾಜಿಗೆ ಮುಂಚೆ ಅರ್ಧ, ಆಮೇಲೆ ಅರ್ಧ" ಅಂದರು, ಉಳಿದವರು ನಕ್ಕರು. ನೂರ್ ಅಹಮದರು ಮಸೀದಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲೇ ಚಾಪೆ ಹಾಸಿ ನಮಾಜು ಮಾಡತೊಡಗಿದರು. ಇದೆಲ್ಲ ಹೈದರನಿಗೆ ಕಾಗದದಲ್ಲಿ ತಿಳಿದದ್ದು. ಆ ಕಾಗದವನ್ನು ಅವನು ಹರಿಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಊರಿಗೆ ಬಂದು ಪಿಳ್ಳಪ್ಪನವರ ಬಸ್ಸು ಕಾಣುವಂತೆಯೇ ಅಂಗಡಿ ಇಟ್ಟ. ಆ ಮಾತು ಯಾರ ಬಾಯಿಂದ ಹೊರಟಿತೋ ಅದೇ ಬಾಯಿಂದ, ನಾಲ್ಕು ಜನರ ಮುಂದೆ, ವಾಪಸ್ಸು ಬರಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಒಂದೂವರೆ ವರ್ಷ ಕಾದ. ಆಮೇಲೆ ಪಿಳ್ಳಪ್ಪ ತಾವಾಗಿಯೇ ಬಂದರು.

ಬೆಂಗಳೂರಿನಲ್ಲಿ ಸೈನ್ಯದವರು ಹರಾಜು ಹಾಕಿದ ಮೋಟಾರ್ ಸೈಕಲ್ ಒಂದನ್ನು ಅವರು ತಂದಿದ್ದರು. ಎಡಕ್ಕೆ ತೊಟ್ಟಿಲಿನಂಥ ಸೈಡ್‌ಕಾರು. ಮುಂದೆ ಹದಿನಾರು ಹಲ್ಲು, ಹಿಂದೆ ನಲವತ್ತೆಂಟು; ಹೊರೆ ಎಳೆಯಲೆಂದೇ ಸೈನ್ಯ ಆರಿಸಿದ ಜೋಡಿ.

"ಏನ್ಲಾ ಹೈದರಾ, ಇದು ಓಡಲ್ವಲ್ಲೋ! ಬರೀ ಒದರುತ್ತೆ," ಎಂದರು ಪಿಳ್ಳಪ್ಪ. "ದೇವನಹಳ್ಳಿ ನರಸಿಂಹಯ್ಯ ನನ್ನ ಮುಖಕ್ಕೆ ದೂಳೆರಚಿ ಹೋಗ್ತಾನೆ. ಅವನದು ಇದಕ್ಕಿಂತ ಸಣ್ಣ ಗಾಡಿ."

"ಏನ್ ಮಾಡ್ಬೇಕು ಅಂತೀರಾ?"

"ಮುಂದಿನ ಚಕ್ರ ದೊಡ್ದು ಮಾಡು. ನನಗೇನ್ ಗೊತ್ತಿಲ್ವಾ? ಎತ್ತಿನ ಗಾಡಿ ಹೊಡೆದು ಮೇಲೆ ಬಂದೋನು ನಾನು. ಗಾಲಿ ದೊಡ್ಡದಾದಷ್ಟೂ ಎತ್ತಿಗೆ ಹಗುರ, ಗಾಡಿಗೆ ಓಟ."

ಎತ್ತಿನ ಗಾಡಿಯ ಮಟ್ಟಿಗೆ ಆ ಮಾತು ಸರಿಯೇ. ದೊಡ್ಡ ಗಾಲಿ ಕಲ್ಲು ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ. ಆದರೆ ಎಂಜಿನ್ನಿನ ಪಕ್ಕದ ಹಲ್ಲುಚಕ್ರ ರಸ್ತೆಯ ಮೇಲೆ ಉರುಳುವ ಗಾಲಿಯಲ್ಲ. ಅದನ್ನು ದೊಡ್ಡದು ಮಾಡುವುದೆಂದರೆ ಅದೇ ಎತ್ತಿಗೆ ಉದ್ದ ಹೆಜ್ಜೆ ಹಾಕು ಅಂದ ಹಾಗೆ. ಬೇರೆ ಯಾರು ಬಂದಿದ್ದರೂ ಹೈದರ್ ಇದನ್ನು ನೆಲದ ಮೇಲೆ ಗೀಚಿ ತೋರಿಸುತ್ತಿದ್ದ. ಅವತ್ತು ಮೊಳೆಯಿಂದ ಇಪ್ಪತ್ತು ಹಲ್ಲಿನದನ್ನು ತೆಗೆದು, "ಇದು ಆಗಬಹುದಾ ನೋಡಿ," ಎಂದನಷ್ಟೆ.

"ಭೇಷ್! ಬರೋ ಮಂಗಳವಾರ ಘಾಟಿಗೆ ಹೋಗ್ಬೇಕು, ನಮ್ಮ ಅಮ್ಮಯಮ್ಮನ ಹರಕೆ. ಅಷ್ಟರಲ್ಲಿ ಹಾಕ್ಕೊಡು."

ಹೈದರ್ ಮೊದಲು ಹಳೆಯ ಚಕ್ರದಲ್ಲೇ ಗಾಡಿಯನ್ನು ಘಾಟಿ ದಾರಿಯ ಆ ಏರಿಗೆ ಒಯ್ದ. ಮೂರು ಜನರ ತೂಕದ ರಾಗಿ ಮೂಟೆ ಹೇರಿದ್ದ. ಮೊದಲ ಗೇರಿನಲ್ಲಿ ಗಾಡಿ ಏದುಸಿರು ಬಿಡುತ್ತ ಹತ್ತಿತು. ಉಳಿದ ಶಕ್ತಿ ಬಹಳ ಕಡಿಮೆ. ಒಟ್ಟು ಎಳೆತದಲ್ಲಿ ಐದರ ಒಂದು ಪಾಲು ಕಳೆದರೆ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿದ. ಏರಿನ ನಡುವಿನ ಹೊಂಗೆ ಮರದ ಹತ್ತಿರ. ಮರುದಿನ ಹೊಸ ಚಕ್ರ ಜೋಡಿಸಿ, ಸರಪಳಿಗೆ ಎರಡು ಕೊಂಡಿ ಸೇರಿಸಿ ಬಿಗಿ ನೋಡಿದ. ಕೆಲಸದಲ್ಲಿ ಒಂದು ಕೂದಲೆಳೆಯ ಲೋಪವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಪಿಳ್ಳಪ್ಪ ಬಂದರು. ಸೈಡ್‌ಕಾರಿನಲ್ಲಿ ಅವರ ಹೆಂಡತಿ ಅಮ್ಮಯಮ್ಮ, ಅವರ ಕಾಲ ಬಳಿ ಹರಕೆಯ ಅಕ್ಕಿ ಮೂಟೆ. ಹಿಂದಿನ ಸೀಟಿನಲ್ಲಿ ಬಸ್ಸಿನ ಹೊಸ ಕ್ಲೀನರ್, ಅರವತ್ತು ದಾಟಿದ ಗಂಗಣ್ಣ.

ಗಾಡಿ ನಿಂತರೆ ಕಲ್ಲು ಹಿಡಿದು ಗಾಲಿಯ ಹಿಂದೆ ಓಡುವವನು ಪಿಳ್ಳಪ್ಪ ಅಲ್ಲ, ಈ ಮುದುಕ. ಇದನ್ನು ಹೈದರ್ ಲೆಕ್ಕ ಹಾಕಿರಲಿಲ್ಲ.

"ಗಂಗಣ್ಣ ಇಳೀಲಿ," ಎಂದ. "ಹೊಸ ಚಕ್ರ. ನಾನೇ ಬರ್ತೀನಿ."

"ಬಾರಪ್ಪಾ, ನೀನೂ ನೋಡುವಂತೆ ನಿನ್ನ ಕೈಚಳಕ!"

ಸಮದ ರಸ್ತೆಯಲ್ಲಿ ಗಾಡಿ ಹಾರಿತು. ಪಿಳ್ಳಪ್ಪ ಕೇಕೆ ಹಾಕಿದರು. "ಎಲ್ಲೋ ನರಸಿಂಹಯ್ಯ? ಬರಹೇಳ್ಲಾ ಅವನ್ನ!" ಅಮ್ಮಯಮ್ಮ ಸೆರಗನ್ನು ಬಾಯಿಗೆ ಕಚ್ಚಿಕೊಂಡು ಕೂತಿದ್ದರು.

ಏರು ಬಂತು. ಎರಡನೇ ಗೇರಿನಲ್ಲಿ ಎಂಜಿನ್ ಉಬ್ಬಸಪಟ್ಟಿತು. ಮೊದಲನೆಯದಕ್ಕೆ ಇಳಿಸಿದರು. ಹೊಂಗೆ ಮರಕ್ಕೆ ಹತ್ತು ಗಜ ಇರುವಾಗ ಗಾಡಿ ಎರಡು ಸಲ ಬಡಿದುಕೊಂಡು ಸತ್ತಿತು. ಪಿಳ್ಳಪ್ಪ ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ಅದುಮಿ ಹಿಡಿದರು. ಮುಂದಕ್ಕೆ ಓಡುವಾಗ ಹಿಡಿಯುವ ಬ್ರೇಕು ಹಿಂದಕ್ಕೆ ಜಾರುವಾಗ ಅಷ್ಟು ಹಿಡಿಯದು. ಗಾಡಿ ಗೇಣು ಗೇಣಾಗಿ ಹಿಂದೆ ಸರಿಯತೊಡಗಿತು. ಕ್ಲಚ್ ಬಿಟ್ಟಿದ್ದರೆ ಎಂಜಿನ್ನೇ ತಡೆಯುತ್ತಿತ್ತು. ಹೈದರ್ ಅದನ್ನು ಹೇಳಲಿಲ್ಲ. ಕೆಳಗಿಳಿದು ರಸ್ತೆಬದಿಯ ಒಂದು ದಪ್ಪ ಕಲ್ಲನ್ನು ಎತ್ತಿಕೊಂಡು ಗಾಡಿಯ ಹಿಂದೆ ನಿಂತ.

"ಕಲ್ಲು ಕೊಡೋ ಗಾಲಿಗೆ!"

"ನಮ್ಮಪ್ಪ ಕುಡಿದಿದ್ರಾ?"

"ಏನ್ಲಾ?"

"ನಲವತ್ತಮೂರರಲ್ಲಿ. ಇದೇ ಏರು. ನಮ್ಮಪ್ಪ ಕುಡಿದಿದ್ರಾ?"

"ಲೇ, ಹೆಂಗಸು ಕೂತವಳೆ ಕಣೋ ಗಾಡೀಲಿ! ಕಲ್ಲಿಡು ಮೊದ್ಲು!"

"ಹೇಳಿ. ಇಡ್ತೀನಿ."

ಗಾಡಿ ಇನ್ನೊಂದು ಮೊಳ ಜಾರಿತು. ಹಿಂದಿನಿಂದ ಹುಲ್ಲಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ದೊಡ್ಡಬೀರಪ್ಪ ಎತ್ತುಗಳನ್ನು ನಿಲ್ಲಿಸಿ ಗಾಡಿಯ ಮೇಲೆಯೇ ಎದ್ದು ನಿಂತ. ಅವನ ಹಿಂದೆ ಘಾಟಿಗೆ ನಡೆದು ಹೊರಟಿದ್ದ ಏಳೆಂಟು ಜನ.

"ಹೇಳ್ಬುಡಿ ಅತ್ಲಾಗೆ!" ಎಂದು ಕೂಗಿದವರು ಅಮ್ಮಯಮ್ಮ. "ನನ್ ಹತ್ರ ಅಂದಿದ್ದನ್ನ ಅವನ ಹತ್ರಾನೂ ಅಂದ್ಬುಡಿ!"

ಪಿಳ್ಳಪ್ಪ ಬ್ರೇಕು ಬಿಡದೆ ಕತ್ತು ಹಿಂದಕ್ಕೆ ತಿರುಗಿಸಿದರು. "ಕುಡಿದಿರ್ಲಿಲ್ಲ! ಸಾಬ್ರು ಕುಡಿದಿರ್ಲಿಲ್ಲ!"

"ಜೋರಾಗಿ. ಬೀರಪ್ಪಣ್ಣಂಗೆ ಕೇಳಿಸ್ಬೇಕು. ಮತ್ತೇನಾಗಿತ್ತು?"

"ಹೊರೆ ಜಾಸ್ತಿ ಆಗಿತ್ತು! ಮೇಲೆ ಮೂವತ್ತು ಮೂಟೆ! ಜನ ಇಳಿಸಿ ಅಂದ್ರು ಸಾಬ್ರು, ನಾನೇ ಇಳಿಸ್ಲಿಲ್ಲ! ಸಾಕೇನೋ?"

ಹೈದರ್ ಕಲ್ಲಿಟ್ಟ. ಕೈ ಒರೆಸಿಕೊಂಡು, "ಕ್ಲಚ್ ಬಿಡಿ ಈಗ," ಎಂದು ಹೇಳಿ, ಊರಿನ ಕಡೆಗೆ ನಡೆದೇ ಹೊರಟ.

ಸಂಜೆಯೊಳಗೆ ಸುದ್ದಿ ಬಸ್ ನಿಲ್ದಾಣ ತಲುಪಿತ್ತು. ಹುಲ್ಲು ಇಳಿಸಿ ಮರಳಿದ್ದ ದೊಡ್ಡಬೀರಪ್ಪ ಚಹಾದಂಗಡಿಯಲ್ಲಿ ಆಗಲೇ ಮೂರನೇ ಸಲ ಹೇಳುತ್ತಿದ್ದ. ಮರುದಿನ ಪಿಳ್ಳಪ್ಪ ಗಾಡಿಯನ್ನು ಎತ್ತಿಗೆ ಕಟ್ಟಿ ಎಳೆಸಿಕೊಂಡು ಬಂದು, ಹಳೆಯ ಚಕ್ರ ಹಾಕಿಕೊಡು ಅಂದರು. ಹೈದರ್ ಹದಿನಾರು ಹಲ್ಲಿನದನ್ನು ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟ. "ನಿಮ್ಮದು ನಿಮಗೆ. ಹಾಕೋರನ್ನ ಬೇರೆ ಹುಡುಕಿಕೊಳ್ಳಿ."

"ಇನ್ನೂ ತಣ್ಣಗಾಗಲಿಲ್ವೇನೋ ನಿನಗೆ?"

"ನಮ್ಮಪ್ಪಂಗೆ ನಾಲ್ಕು ವರ್ಷ ಸಾಮಿ. ನಿಮಗೆ ಒಂದು ಗಳಿಗೆ."

ಆದರೆ ಮನೆಯಲ್ಲಿ ನೂರ್ ಅಹಮದರು ಹಿಗ್ಗಲಿಲ್ಲ. ಪಿಳ್ಳಪ್ಪ ಆಡಿದ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು: "ತೊಟ್ಟಿಲಲ್ಲಿ ಅಮ್ಮಯಮ್ಮ ಕೂತಿದ್ರಾ?"

"ಹೌದು ಅಬ್ಬಾ."

"ನಾನು ಆಸ್ಪತ್ರೆಯಲ್ಲಿದ್ದಾಗ ಇಪ್ಪತ್ತು ದಿನ ಗಂಜಿ ಕಳಿಸಿದ ತಾಯಿ ಅವರು. ಗಂಡನಿಗೆ ತಿಳಿಯದ ಹಾಗೆ. ನೀನು ಕಲ್ಲು ಹಿಡ್ಕೊಂಡು ನಿಂತಿದ್ದೆ."

ಹೈದರನಿಗೆ ಅದು ಗೊತ್ತಿರಲಿಲ್ಲ. "ಇಡ್ತಿದ್ದೆ ಅಬ್ಬಾ," ಎಂದ. "ಅವರು ಹೇಳದೇ ಇದ್ದಿದ್ರೂ ಇಡ್ತಿದ್ದೆ."

ಇಡುತ್ತಿದ್ದನೋ ಇಲ್ಲವೋ ತನಗೇ ತಿಳಿಯದು ಎಂದು ಹೈದರ್ ಎಷ್ಟೋ ವರ್ಷಗಳ ನಂತರ ನನ್ನೊಡನೆ ಹೇಳಿದ. ಆದರೆ ಚಕ್ರ ಬದಲಾಯಿಸಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪಪಡಲಿಲ್ಲವೆಂದೂ ಹೇಳಿದ.

ಆ ಶುಕ್ರವಾರ ಮಧ್ಯಾಹ್ನ ನೂರ್ ಅಹಮದರು ಒಗೆದ ಜುಬ್ಬ ತೊಟ್ಟು, ಊರುಗೋಲು ಹಿಡಿದು ಮಸೀದಿಗೆ ಹೊರಟರು. ಹೈದರ್ ಮೆಟ್ಟಿಲಿನ ಬಳಿ ಕೈ ಚಾಚಿದ. ಅವರು ಆ ಕೈ ಹಿಡಿಯಲಿಲ್ಲ. ಚಹಾದಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು. ಅವರು ಯಾರ ಕಡೆಗೂ ತಿರುಗದೆ, ಊರುಗೋಲು ಊರುತ್ತ, ಒಬ್ಬರೇ ಬೀದಿಯ ನಡುವೆ ನಡೆದುಹೋದರು.