ಬೀಳುವ ಮುಂಚೆ ಎತ್ತಿದ ಕೈ

ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಮನೆಯ ಮುಂಭಾಗದಲ್ಲಿ ಕರೆಂಟಿನ ಮಗ್ಗಗಳು, ಹಿಂಭಾಗದಲ್ಲಿ ನಾವು, ನಡುವೆ ಒಂದು ತೆಳು ಗೋಡೆ. ನಾವು ಹಲ್ಲುಜ್ಜುವ ಹೊತ್ತಿಗೆ ಶುರುವಾದ ಸದ್ದು ರಾತ್ರಿ ಊಟದವರೆಗೂ ನಡೆಯುತ್ತಿತ್ತು. ಮಗ್ಗದ ಎಣ್ಣೆಯ ವಾಸನೆ ಅಮ್ಮ ಮಾಡುವ ಉಪ್ಸಾರಿನ ಒಳಗೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅಪ್ಪ ಮಗ್ಗದ ಹತ್ತಿರ ಇರುವಾಗ ಏನು ಹೇಳಬೇಕಾದರೂ ಕೈಸನ್ನೆಯೇ ಗತಿ. ಹೊಟ್ಟೆ ಸವರಿದರೆ ಊಟಕ್ಕೆ ಬಾ, ಮೀಸೆ ತಿರುವಿದರೆ ಸೀರೆ ಕೊಳ್ಳುವ ಸೇಟು ಬಂದಿದ್ದಾರೆ, ಮುಷ್ಟಿ ಕಟ್ಟಿ ಕೈ ಎತ್ತಿದರೆ ನೂಲು ಕಡಿದಿದೆ, ಮಗ್ಗ ನಿಲ್ಲಿಸು. ಅಜ್ಜಿಯಂತೂ ಅಕ್ಕಪಕ್ಕದವರ ಚಾಡಿಯನ್ನೆಲ್ಲ ಸನ್ನೆಯಲ್ಲೇ ಮುಗಿಸುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಮಳೆಗಾಲ ಮುಗಿಯುತ್ತಾ ಬಂದಿದ್ದಾಗ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತವಳು ನಿಂತ ಹಾಗೇ ಬಿದ್ದೆ. ಕಣ್ಣು ಬಿಟ್ಟಾಗ ಬಾಯಲ್ಲಿ ಮಣ್ಣು, ಸುತ್ತಲೂ ಬರೀ ಕಾಲುಗಳು. ಗೆಳತಿ ಶಶಿಕಲಾ "ಸತ್ತೋದೆ ಅಂದ್ಕೊಂಡೆ ಕಣೇ" ಎಂದು ಗೊಳೋ ಎಂದು ಅಳುತ್ತಿದ್ದಳು. ಅವಳಿಗೆ ನಾನೇ ಸಮಾಧಾನ ಮಾಡಬೇಕಾಯಿತು.

ಅಲ್ಲಿಂದ ಅದು ಹೇಳದೆ ಕೇಳದೆ ಬರತೊಡಗಿತು. ಕೆಲವು ದಿನ ಬೀಳುವುದು, ಇನ್ನು ಕೆಲವು ದಿನ ಅರೆತಲೆನೋವು. ಕಣ್ಣಂಚಿನಲ್ಲಿ ಜರಿಸೀರೆಯ ಅಂಚಿನಂತೆ ಏನೋ ಮಿನುಗಲು ಶುರುವಾದರೆ ಆಮೇಲೆ ಬೆಳಕು ಬೇಡ, ಒಗ್ಗರಣೆಯ ವಾಸನೆ ಬೇಡ, ಯಾರ ಮುಖವೂ ಬೇಡ. ಅಮ್ಮ ಒದ್ದೆ ಬಟ್ಟೆ ಹಣೆಗೆ ಕಟ್ಟಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದಳು. ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಗೆಲ್ಲ ತಲೆನೋವು ಬಂತು. ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು, ತಲೆಯ ಫೋಟೋ ತೆಗೆಸಿಕೊಂಡು ಬಂದೆವು. ಎಲ್ಲ ಸರಿಯಾಗಿದೆ ಎಂದರು. "ಎಲ್ಲಾ ಸರಿಗಿದ್ರೆ ಮಗು ಯಾಕ್ ಬೀಳುತ್ತೆ?" ಎಂದು ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನನ್ನು ಕೇಳಿದಳು, ಅವನೇನೋ ಬಚ್ಚಿಟ್ಟಿದ್ದಾನೆ ಎಂಬಂತೆ.

ಆಮೇಲೊಂದು ದಿನ ಶಾಲೆಯ ಮೆಟ್ಟಿಲ ಹತ್ತಿರ ಬಿದ್ದು ಹುಬ್ಬು ಒಡೆಯಿತು. ಹೆಡ್‌ಮಿಸ್ಸು ಹೆದರಿಬಿಟ್ಟರು. "ವಾಸಿಯಾದ್ಮೇಲೆ ಕಳಿಸಿ, ಅಲ್ಲೀವರ್ಗೂ ಮನೇಲಿರ್ಲಿ" ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಏನಾಗಿದೆ ಎಂದೇ ಯಾರಿಗೂ ಗೊತ್ತಿಲ್ಲದ್ದು ವಾಸಿಯಾಗುವುದು ಯಾವಾಗ? ಶಾಲೆ ಬಿಟ್ಟ ಅಕ್ಕಂದಿರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದರು. ಮಗ್ಗದ ಕಂಡಿಕೆ ಕೊಳವೆಗೆ ನೂಲು ಸುತ್ತುತ್ತಾ ಕೂತವರು ಮತ್ತೆ ಚೀಲ ಹಿಡಿದದ್ದನ್ನು ನಾನು ನೋಡಿರಲಿಲ್ಲ. ನನಗೆ ಬೀಳುವುದಕ್ಕಿಂತ ಹಾಗೆ ಕೂರಬೇಕಾದೀತೆಂಬ ಭಯವೇ ಹೆಚ್ಚಾಗಿತ್ತು.

ಅಪ್ಪ ಯೋಚನೆ ಮಾಡಿ ಮಾಡಿ ಕೊನೆಗೆ ತಪ್ಪೆಲ್ಲ ಮಗ್ಗದ್ದೇ ಎಂದು ತೀರ್ಮಾನಿಸಿದ. ಈ ಗಲಾಟೆಯೇ ಮಗುವಿನ ತಲೆ ಕೆಡಿಸಿದೆ! ಒಂದು ಮಧ್ಯಾಹ್ನ ಎಲ್ಲ ಮಗ್ಗಗಳನ್ನೂ ಆರಿಸಿಬಿಟ್ಟ. ಮದುವೆ ಕಾಲ, ಬೀದಿಯ ಉಳಿದ ಮನೆಗಳೆಲ್ಲ ಸದ್ದು ಮಾಡುತ್ತಿವೆ, ನಮ್ಮದೊಂದೇ ಸುಮ್ಮನಿದೆ. ನಮ್ಮ ಬೀದಿಯಲ್ಲಿ ಕರೆಂಟಿದ್ದೂ ಒಂದು ಮನೆಯ ಮಗ್ಗ ನಿಂತಿತೆಂದರೆ ಅಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಅಪ್ಪನಿಗೆ ಆ ಗಾಬರಿಯಲ್ಲಿ ಇದು ಹೊಳೆದಿರಲಿಲ್ಲ.

ಮೊದಲು ಎದುರುಮನೆ ಗೌರಕ್ಕ ಬಂದರು, ಸೆರಗು ಬಾಯಿಗೆ ಒತ್ತಿಕೊಂಡು. ಹಿಂದೆಯೇ ಇನ್ನಷ್ಟು ಜನ. ಗಂಡಸರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಗೌರಕ್ಕ ಆಗಲೇ ಪಾತ್ರೆ ತುಂಬ ಉಪ್ಪಿಟ್ಟು ಮಾಡಿಸಿ ತಂದಿದ್ದರು. ಒಳಗಿಂದ ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಬಂದಳು.

"ಯಾರ್ ಹೋದ್ರು ಗೌರಾ?"

"ನೀವೇ ಅಂದ್ಕೊಂಡಿದ್ವಿ ಅತ್ತೆ" ಎಂದುಬಿಟ್ಟರು ಗೌರಕ್ಕ.

"ನಾನಿನ್ನೂ ಹೊರಟಿಲ್ಲ ಕಣಮ್ಮ. ತಂದಿದ್ದು ತಂದಿದೀಯ, ಕೊಡಿಲ್ಲಿ, ಬಿಸಿಯಾಗಿದೆ."

ಜಗಲಿಯಲ್ಲಿ ಕೂತವರೆಲ್ಲ ಉಪ್ಪಿಟ್ಟು ತಿಂದು ಹೋದರು. ಅಪ್ಪನೂ ನಗುತ್ತಲೇ ತಿಂದ. ಎಲ್ಲರೂ ಹೋದ ಮೇಲೆ ನಾನು ಅವನ ಪಕ್ಕ ಹೋಗಿ ಕೂತೆ. "ಅಪ್ಪಾ, ಸದ್ದಿಂದ ಅಲ್ಲಪ್ಪ. ಸದ್ದಿಲ್ದಿದ್ರೇನೇ ನಂಗೆ ಭಯ. ಮಗ್ಗ ಹಾಕಪ್ಪ, ನನ್ನ ಸ್ಕೂಲಿಗೆ ಕಳ್ಸಪ್ಪ" ಎಂದು ಅತ್ತೆ. ಅಪ್ಪ ನನ್ನ ತಲೆ ಸವರಿದ. ಆಮೇಲೆ ಎದ್ದು ಹೋಗಿ ಮಗ್ಗ ಹಾಕಿದ.

ಮುಂದಿನ ವಾರ ನಮ್ಮೂರಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಎಲ್ಲ ರಿಪೋರ್ಟನ್ನೂ ಓದಿ, "ಯಾಕ್ ಬೀಳ್ತಾಳೆ ಅಂತ ನಂಗೂ ಗೊತ್ತಾಗ್ತಿಲ್ಲ" ಎಂದರು. ಡಾಕ್ಟರು ಹೀಗೂ ಹೇಳಬಹುದೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ, "ಬೀಳೋ ಮುಂಚೆ ನಿಂಗೇನಾದ್ರೂ ಗೊತ್ತಾಗುತ್ತಾ ಪುಟ್ಟಿ?" ಎಂದು ಕೇಳಿದರು. ಗೊತ್ತಾಗುತ್ತಿತ್ತು. ಅಂಗೈ ಬೆವರುತ್ತಿತ್ತು, ಕಿವಿ ಗುಂಯ್ ಎನ್ನುತ್ತಿತ್ತು. ಅಷ್ಟು ದಿನ ಯಾರೂ ಅದನ್ನು ನನ್ನನ್ನೇ ಕೇಳಿರಲಿಲ್ಲ.

"ಹಾಗಾದ್ರೆ ಆಗ್ಲೇ ಮಲ್ಕೊಂಡ್ಬಿಡು. ಎಲ್ಲಿದ್ರೂ ಸರಿ, ನಾಚ್ಕೋಬೇಡ. ಪಕ್ಕದಲ್ಲಿರೋರು ಕಾಲು ಎತ್ತರಕ್ಕಿಡ್ಲಿ. ನೀರು ಕುಡಿ, ತಿಂಡಿ ಬಿಡ್ಬೇಡ. ಸ್ಕೂಲ್ ಮಾತ್ರ ಬಿಡಿಸ್ಬೇಡಿ ಇವ್ಳನ್ನ."

"ಆ ಹೊತ್ನಲ್ಲಿ ಅವ್ರಿಗೆ ಹೇಳೋಕೆ ಮಾತೇ ಬರಲ್ಲ ಮೇಡಂ" ಎಂದೆ.

ಅದಕ್ಕೆ ಉತ್ತರ ಹೇಳಿದ್ದು ಅಪ್ಪ. "ಮಾತ್ಯಾಕೆ? ಮಗ್ಗ ನಿಲ್ಸೋ ಸನ್ನೆ ಮಾಡು, ಸಾಕು."

ಹೀಗೆ ಅಪ್ಪ ನನ್ನ ಜೊತೆ ಶಾಲೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕರಿಹಲಗೆಯ ಮುಂದೆ ನಿಂತು, ಮಗ್ಗದ ಮನೆಯಲ್ಲಿ ಮಾತಾಡುವ ಗಂಟಲಲ್ಲೇ ಶುರು ಮಾಡಿದ: "ಮಕ್ಳಾ! ಇವ್ಳು ಹಿಂಗೆ ಕೈ ಎತ್ತುದ್ರೆ ಮಲಗಿಸ್ಬಿಡಿ! ಕಾಲಡಿಗೆ ಬ್ಯಾಗ್ ಇಡಿ!" ಜಗಳವಾಗುತ್ತಿದೆಯೆಂದು ಪಕ್ಕದ ಕ್ಲಾಸಿನ ಮೇಷ್ಟ್ರು ಓಡಿಬಂದರು. "ಸ್ವಲ್ಪ ಮೆಲ್ಲಗೆ ಹೇಳಿ, ಇಲ್ಲಿ ಮಗ್ಗ ಇಲ್ಲ" ಎಂದರು ಹೆಡ್‌ಮಿಸ್ಸು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಪ್ಪ ಹೊರಡುವಾಗ ಅವರು ಖಡಕ್ಕಾಗಿ ಹೇಳಿದರು: "ಇನ್ನೊಂದ್ಸಲ ನೋಡ್ತೀನಿ. ಮತ್ತೆ ಪೆಟ್ಟಾದ್ರೆ ಟಿ.ಸಿ. ತಗೊಂಡೋಗಿ."

ಆ ಇನ್ನೊಂದು ಸಲ ಗಣಿತದ ಪೀರಿಯಡ್ಡಿನಲ್ಲಿ ಬಂತು. ಅಂಗೈ ಬೆವರಿತು. ಕಿವಿ ಗುಂಯ್ ಎಂದಿತು. ಮುಷ್ಟಿ ಕಟ್ಟಿ ಕೈ ಎತ್ತಿದೆ. ಡೌಟು ಕೇಳುತ್ತಿದ್ದಾಳೆಂದುಕೊಂಡು ಮೇಷ್ಟ್ರು "ಏನಮ್ಮಾ?" ಎನ್ನುವಷ್ಟರಲ್ಲಿ ಬೆಂಚುಗಳು ಸರ್ರೆಂದು ಸರಿದವು. ಶಶಿಕಲಾ ನನ್ನನ್ನು ತಬ್ಬಿ ಮಲಗಿಸಿದಳು. ಕಾಲಡಿಗೆ ಒಂದರ ಮೇಲೊಂದು ಚೀಲ ಬಿದ್ದವು, ಯಾರೋ ಪುಸ್ತಕದಿಂದ ಗಾಳಿ ಬೀಸಿದರು, ಯಾರೋ ಬಾಟಲಿಯ ನೀರು ಕುಡಿಸುವ ಬದಲು ನನ್ನ ಕತ್ತಿನ ಮೇಲೇ ಸುರಿದರು. ಚಾವಣಿ ಒಂದು ಸಲ ಮಸುಕಾಗಿ ಮತ್ತೆ ಸ್ಪಷ್ಟವಾಯಿತು. ಸುದ್ದಿ ಕೇಳಿ ಬಂದ ಹೆಡ್‌ಮಿಸ್ಸು ಬಾಗಿಲಲ್ಲೇ ನಿಂತು ನೋಡಿದರು. ನಾನು ಬಿದ್ದಿರಲಿಲ್ಲ, ಮಲಗಿದ್ದೆ. ಅವರು ಹತ್ತಿರ ಬಂದು ನನ್ನ ಒದ್ದೆ ಜಡೆಯನ್ನು ತಮ್ಮ ಸೆರಗಿನಲ್ಲಿ ಒರೆಸಿ, "ದಿನಾ ಬಾ" ಎಂದರು, ಅಷ್ಟೇ. ಆ ದಿನ ಮನೆಯವರೆಗೂ ಓಡಿದೆ, ಓಡಬಾರದೆಂದು ಗೊತ್ತಿದ್ದೂ.

ಬೀಳುವುದು ಹೇಗೆ ಬಂದಿತ್ತೋ ಹಾಗೇ, ಯಾವ ಕಾರಣವನ್ನೂ ಹೇಳದೆ, ಕಾಲೇಜಿನ ಹೊತ್ತಿಗೆ ಹೊರಟುಹೋಯಿತು. ಅರೆತಲೆನೋವು ಮಾತ್ರ ಜೊತೆಗಿದೆ. ಈಗ ಅದಕ್ಕೊಂದು ಒಳ್ಳೆಯ ಮಾತ್ರೆ ಇದೆ, ಬದುಕು ನಿಂತಿಲ್ಲ. ನಮ್ಮೂರಿನ ಪಕ್ಕದ ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಳೆದುಹೋದದ್ದು ಬೇರೆ. ಆಗ ನನ್ನ ಕಾಯಿಲೆ ಇಡೀ ಕ್ಲಾಸಿನದಾಗಿತ್ತು. ಈಗ ಅದು ನನ್ನೊಬ್ಬಳದು. ನೋವು ಬಂದರೆ ಬಾತ್‌ರೂಮಿನ ಲೈಟ್ ಆರಿಸಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತೇನೆ, ಮುಖ ತೊಳೆದು ಬಂದು ಏನೂ ಆಗದವಳಂತೆ ಕೂರುತ್ತೇನೆ. ಎಷ್ಟೋ ವರ್ಷ ಹೀಗೇ ಮಾಡಿದೆ.

ಹೋದ ವಾರ ಯಾಕೋ ಆಗಲಿಲ್ಲ. ಪಕ್ಕದ ಸೀಟಿನ ಹುಡುಗಿಗೆ, "ತಲೆ ತುಂಬಾ ನೋಯ್ತಿದೆ ಕಣೇ, ಬೆಳಕು ನೋಡಕ್ಕಾಗ್ತಿಲ್ಲ" ಎಂದುಬಿಟ್ಟೆ. ಅವಳು ಎದ್ದು ಕಿಟಕಿಯ ಪರದೆ ಎಳೆದಳು, ನನ್ನ ಕಂಪ್ಯೂಟರಿನ ಬೆಳಕು ತಗ್ಗಿಸಿದಳು, ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಇಷ್ಟ್ ದಿನ ಯಾಕಕ್ಕ ಹೇಳ್ಲಿಲ್ಲ?" ಎಂದಳು.