ದಾಕ್ಷಾಯಿಣಿಯ ಸ್ಕ್ವಾಡ್

ನರಸಿಂಹರಾಜಪುರದಲ್ಲಿ ನನ್ನ ಜೆರಾಕ್ಸ್ ಅಂಗಡಿಗೂ ದಾಕ್ಷಾಯಿಣಿಯ ಟೈಲರಿಂಗ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅವಳು ನಿಟ್ಟುಸಿರು ಬಿಟ್ಟರೂ ನನಗೆ ಕೇಳಿಸುತ್ತದೆ. ಹಾಗಾಗಿ ಒಂದು ಮಧ್ಯಾಹ್ನ, ನಲವತ್ತೊಂಬತ್ತು ವರ್ಷದ ಆ ಹೆಂಗಸು, "ಮನೆ ಹಿಂದೆ ಇಬ್ರಿದಾರೆ, ಮೊದ್ಲು ಎಡಗಡೆಯವನಿಗೆ ಹೊಡಿ" ಎಂದದ್ದು ಕೇಳಿ ನಾನು ಊಟದ ಡಬ್ಬಿ ಬಿಟ್ಟು ಓಡಿದೆ.

ಅರ್ಧ ಎಳೆದ ಶಟರಿನೊಳಗೆ, ಕತ್ತರಿಸಿಟ್ಟ ಬ್ಲೌಸ್ ಬಟ್ಟೆಗಳ ನಡುವೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಮೊಬೈಲಿನಲ್ಲಿ ಯುದ್ಧ ಮಾಡುತ್ತಿದ್ದಳು. ನಾಲ್ಕು ಜನರ ಒಂದು ತಂಡ. ಅದಕ್ಕೆ ಸ್ಕ್ವಾಡ್ ಅಂತಾರೆ. ವಿಮಾನದಿಂದ ಒಂದು ದ್ವೀಪಕ್ಕೆ ಹಾರುವುದು, ಬೇರೆ ತಂಡದವರನ್ನು ಹೊಡೆಯುವುದು, ಕೊನೆಯವರೆಗೆ ಉಳಿಯುವುದು. ಆಡುವವರು ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ, ಮುಖ ಕಾಣುವುದಿಲ್ಲ.

"ನಿನ್ನ ವಯಸ್ಸಿಗೆ ಭಜನಾ ಮಂಡಳಿ ಇದೆ ಮಾರಾಯ್ತಿ" ಎಂದೆ.

"ಅಲ್ಲಿ ನನ್ನನ್ನ ಕೊನೇ ಸಾಲಲ್ಲಿ ಕೂರಿಸ್ತಾರೆ" ಎಂದಳು, ಫೋನಿನಿಂದ ಕಣ್ಣು ತೆಗೆಯದೆ.

ಗಂಡ ವೀರಪ್ಪ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಮನೆಯಲ್ಲಿರುವುದು ಅತ್ತೆ ಗಂಗಾಂಬಿಕೆಯವರು, ಮನೆಯೂ ಅವರ ಹೆಸರಿನಲ್ಲೇ. ಅಂಗಡಿಗೆ ಬರುವವರು ತೋಳು ಎಷ್ಟುದ್ದ, ಕುತ್ತಿಗೆ ಎಷ್ಟು ಆಳ ಅಂತ ಮಾತಾಡಿ ಹೋಗುತ್ತಾರೆ. ಪಕ್ಕದಲ್ಲೇ ಇದ್ದ ನಾನೂ ಅದಕ್ಕಿಂತ ಹೆಚ್ಚೇನೂ ಮಾತಾಡಿದವಳಲ್ಲ. ಮೂರು ಊರಿನ ಮೂರು ದನಿಗಳು ಮಾತ್ರ ದಿನವೂ ಎರಡು ಗಂಟೆಗೆ, "ಅಕ್ಕ ಬಂದ್ರಾ? ಶುರು ಮಾಡಣ" ಎಂದು ಕಾಯುತ್ತಿದ್ದವು.

ಹಾಸನದಲ್ಲಿ ನರ್ಸಿಂಗ್ ಓದುವ ನಿಶ್ಚಿತಾ, ಎಲ್ಲಿಯವನೋ ಒಬ್ಬ ವಿಜಯ್, ಮತ್ತೆ ಕಪ್ಪೆ. ಕಪ್ಪೆ ಎಂಬುದು ಆಟದ ಹೆಸರು. ಅವನು ಜೆಸಿಬಿ ಓಡಿಸುತ್ತಾನೆ, ಊಟದ ಹೊತ್ತಿನಲ್ಲಿ ಅದರ ಕ್ಯಾಬಿನ್ನಿನಲ್ಲೇ ಕೂತು ಆಡುತ್ತಾನೆ. ದಾಕ್ಷಾಯಿಣಿಗೆ ಮೀಟರ್ ಲೆಕ್ಕ ತಲೆಗೆ ಹತ್ತುವುದಿಲ್ಲ. "ಆ ಮರದಿಂದ ಎರಡು ಗೇಣು ಬಲಕ್ಕೆ" ಎನ್ನುತ್ತಿದ್ದಳು. ಉಳಿದವರು ನಗುತ್ತಿದ್ದರು, ಕಪ್ಪೆ ಮಾತ್ರ ಅವಳ ಗೇಣು ಪರದೆಯ ಮೇಲೆ ಎಷ್ಟಾಗುತ್ತದೆಂದು ಕಲಿತುಕೊಂಡು ಅಲ್ಲಿಗೇ ಗುಂಡು ಹೊಡೆಯುತ್ತಿದ್ದ.

ಆ ಆಟದಲ್ಲಿ ಗುಂಡು ತಗುಲಿದವರು ಕೂಡಲೇ ಸಾಯುವುದಿಲ್ಲ. ಮೊಣಕಾಲೂರಿ ಬಿದ್ದಿರುತ್ತಾರೆ. ತಂಡದವರೊಬ್ಬರು ಹತ್ತಿರ ಬಂದು ಹತ್ತು ಸೆಕೆಂಡು ಪಕ್ಕದಲ್ಲಿ ಕೂತರೆ ಮತ್ತೆ ಏಳಬಹುದು. ಹಾಗೆ ಕೂತವನಿಗೂ ಗುಂಡು ಬೀಳಬಹುದು. ಇವಳು ಬಿದ್ದಾಗಲೆಲ್ಲ ಕಪ್ಪೆ ಓಡಿ ಬರುತ್ತಿದ್ದ. "ಅಕ್ಕ, ಅಲ್ಲೇ ಇರಿ, ಬಂದೆ."

"ಬಿದ್ರೆ ಎಬ್ಸಕ್ಕೆ ಒಬ್ಬ ಓಡಿ ಬರ್ತಾನೆ, ಗೊತ್ತಾ ನಿಂಗೆ" ಎಂದು ಅವಳು ನನ್ನ ಹತ್ತಿರ ಒಮ್ಮೆ ಹೇಳಿದಳು. ಆಮೇಲೆ ಬಹಳ ಹೊತ್ತು ಗುಂಡಿಗೆ ಕಾಜಾ ಹಾಕುತ್ತ ಕೂತಳು. ನಾನು ತಮಾಷೆ ಮಾಡುವುದನ್ನು ಅವತ್ತೇ ಬಿಟ್ಟೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಯಾರೂ ಯಾರ ಮನೆ ಮಠ ಕೇಳಿರಲಿಲ್ಲ. ಒಂದು ದಿನ ಆಟದ ನಡುವೆ ಕಪ್ಪೆ, "ಕೊಪ್ಪದಲ್ಲಿ ನೆಟ್‌ವರ್ಕ್ ಯಾವಾಗ್ಲೂ ಹಿಂಗೇ" ಎಂದು ಗೊಣಗಿದ. ಕೊಪ್ಪ ಎಂದರೆ ನಮ್ಮಲ್ಲಿಂದ ಬಸ್ಸು ಹತ್ತಿದರೆ ಮುಗಿಯಿತು, ಅಷ್ಟು ಹತ್ತಿರ. ದಾಕ್ಷಾಯಿಣಿಗೆ ಖುಷಿ ತಡೆಯಲಾಗಲಿಲ್ಲ. ಅವಳ ಮಾತು ಗೋಡೆಯಾಚೆ ನನಗೂ ಕೇಳಿಸಿತು.

"ಅಯ್ಯ, ನಮ್ ಕಡೆಯವ್ನೇನೋ? ಇಷ್ಟು ದಿನ ಸುಮ್ನಿದ್ಯಲ್ಲ ಮಾರಾಯ. ಯಾರ ಪೈಕಿ ನೀನು?"

ಯಾರ ಪೈಕಿ ಎಂದು ಕೇಳಿದರೆ ಜಾತಿ ಯಾವುದು ಎಂದು ಕೇಳಿದ ಹಾಗೆ. ಊಟ ಆಯ್ತಾ ಎನ್ನುವಷ್ಟೇ ಸಲೀಸಾಗಿ ನಮ್ಮ ಬಾಯಲ್ಲಿ ಬರುತ್ತದೆ. ಕೇಳಿದ್ದು ತಪ್ಪೆಂದು ಅವಳಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಹೊಳೆಯಲಿಲ್ಲ.

ಕಪ್ಪೆ ಆ ಆಟ ಮುಗಿಸಿದ. ಮಾರನೆಯ ದಿನ ಬರಲಿಲ್ಲ. ವಾರವಾಯಿತು, ತಿಂಗಳಾಯಿತು. ಆಟದೊಳಗಿನ ಗೆಳೆಯರ ಪಟ್ಟಿಯಲ್ಲಿ ಅವನ ಹೆಸರು ಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು.

"ಅಕ್ಕ, ನೀವು ಅವನ ಜಾತಿ ಕೇಳಿದ್ರಿ" ಎಂದು ಕೊನೆಗೆ ನಿಶ್ಚಿತಾಳೇ ಬಿಡಿಸಿ ಹೇಳಿದಳು. ಅವತ್ತು ದಾಕ್ಷಾಯಿಣಿ ಯಾರದೋ ಮದುವೆ ಬ್ಲೌಸಿಗೆ ಎರಡೂ ತೋಳು ಎಡಗಡೆಯದ್ದೇ ಕತ್ತರಿಸಿ ಹಾಕಿದಳು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅಂಥದ್ದಾದದ್ದು ಅದೇ ಮೊದಲು.

ಅವನಿಲ್ಲದ ದಿನಗಳು ಅವಳಿಗೆ ಬಲು ಕಷ್ಟದವು. ಬಸ್ ಸ್ಟ್ಯಾಂಡಿನ ಹತ್ತಿರ ಜೆಸಿಬಿ ಕಂಡರೆ ನಿಂತು, ಡ್ರೈವರ್ ಮಾತಾಡಲಿ ಎಂದು ಕಾಯುತ್ತಿದ್ದಳು. ಅವನದೆಂದು ಅವಳಿಗೆ ಗೊತ್ತಿದ್ದದ್ದು ದನಿಯೊಂದೇ. ಕೊನೆಗೆ ಆಟದ ಮೆಸೇಜಿನಲ್ಲಿ ಬರೆದಳು: "ತಪ್ಪಾಯ್ತು. ನೀನಿಲ್ದೆ ಬೇಜಾರಾಗ್ತದೆ."

ಹನ್ನೆರಡು ದಿನ ಬಿಟ್ಟು ಉತ್ತರ ಬಂತು. ಅವಳು ಓಡಿ ಬಂದು ನನಗೆ ತೋರಿಸಿದಳು. "ಬೇಜಾರಿಲ್ಲ ಅಕ್ಕ. ಹೇಳಿದ್ಮೇಲೆ ನೀವು ಹಿಂಗೇ ಮಾತಾಡ್ತೀರೋ ಇಲ್ವೋ ಅಂತ ಹೆದರಿಕೆ ಆಯ್ತು. ನಾವು ಎಸ್ಟೇಟ್ ಕೂಲಿ ಲೈನಿನವರು, ಹೊಲೇರು. ಈಗ ಹೇಳಿದೀನಿ."

ಅವಳು ಅಲ್ಲೇ ನಿಂತು, "ಅಂಗಡಿಗೆ ಬಾ" ಎಂದು ಟೈಪ್ ಮಾಡಿದಳು. ಕಳಿಸುವ ಮೊದಲು ತಡೆದಳು.

"ಮನೆಗೆ ಬಾ ಅಂತ ಯಾಕೆ ಬರ್ಲಿಲ್ಲ ನಂಗೆ?" ಎಂದು ನನ್ನನ್ನು ಕೇಳಿದಳು. ಗಂಗಾಂಬಿಕೆಯವರ ಮನೆಯ ಹಿಂದಿನ ಜಗಲಿಯ ಗೂಡಿನಲ್ಲಿ ಕೆಲಸಕ್ಕೆ ಬರುವವರಿಗೆಂದು ಬೇರೆ ಲೋಟ ಇರುವುದು ನಮ್ಮಿಬ್ಬರಿಗೂ ಗೊತ್ತು. ಅಂಥ ಲೋಟ ನಮ್ಮ ಮನೆಯಲ್ಲೂ ಇತ್ತು. ಇತ್ತು ಎನ್ನುತ್ತೇನೆ, ಎಸೆದ ನೆನಪಂತೂ ಇಲ್ಲ.

ಅವಳು ಅಳಿಸಿ, "ಮನೆಗೆ ಬಾ, ಊಟಕ್ಕೆ" ಎಂದು ಬರೆದು ಕಳಿಸಿದಳು. ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು.

"ಯಾವತ್ತು ಬರ್ಲಿ ಅಕ್ಕ?"

ಅದಾಗಿ ಹದಿನೇಳು ದಿನವಾಯಿತು. ಈಗ ಅವನ ಹೆಸರು ದಿನವೂ ಎರಡು ಗಂಟೆಗೆ ಹಸಿರಾಗುತ್ತದೆ. ದಾಕ್ಷಾಯಿಣಿ ಅದನ್ನು ನೋಡುತ್ತಾಳೆ, ಆಟದೊಳಗೆ ಹೋಗುವುದಿಲ್ಲ. ದಿನ ಹೇಳದೆ ಯಾವ ಮುಖ ಇಟ್ಟುಕೊಂಡು ಆಡಲಿ ಎನ್ನುತ್ತಾಳೆ. ಅತ್ತೆಗೆ ಹೇಳಲು ಬಾಯಿ ತೆರೆದು ಮೂರು ಸಲ ಉಪ್ಪಿನಕಾಯಿ ಬೇಕಾ ಎಂದು ಕೇಳಿದ್ದಾಳಂತೆ.

ನಿನ್ನೆ ನನಗೆ ಸಿಟ್ಟು ಬಂತು. "ಒಂದು ದಿನ ಹೇಳಕ್ಕೆ ಎಂತ ಕಷ್ಟ ನಿಂಗೆ? ಅವ್ನು ಅಲ್ಲಿ ಕಾಯ್ತಾ ಕೂತಿದಾನೆ" ಎಂದು ಬೈದೆ.

ಅವಳು ಮಶೀನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹಂಗಾದ್ರೆ ನಿಮ್ಮನೇಲೇ ಊಟಕ್ಕೆ ಹಾಕಣ ಶ್ರೀವಿದ್ಯಾ. ಒಳಗೆ, ನಿಮ್ ಜೊತೆಗೇ. ಯಾವತ್ತು ಕರೀಲಿ ಹೇಳು."

ಗಿರಾಕಿ ಕಾಯುತ್ತಿದ್ದಾರೆ ಎಂದು ಹೇಳಿ ನಾನು ಎದ್ದು ಬಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.